ಹೃದಯಶೂಲೆಯ ಸಾಕ್ಷಿಗಳು

ವೈದ್ಯವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಉಪಕರಣಗಳ ಚರಿತ್ರೆಯನ್ನು ಬರೆದು ಮುಗಿಸುತ್ತಾರೆ. ಯಾವ ಯಂತ್ರ ಯಾವಾಗ ಬಂತು, ಯಾವ ಔಷಧ ಯಾರ ಪ್ರಯೋಗಶಾಲೆಯಲ್ಲಿ ಹುಟ್ಟಿತು ಎಂಬ ವಿವರಗಳ ನಡುವೆ, ಆ ರೋಗವನ್ನು ತನ್ನ ದೇಹದಲ್ಲಿ ಹೊತ್ತು ನಡೆದವನು ಏನು ಹೇಳಿದನೆಂಬುದು ಅಡಿಟಿಪ್ಪಣಿಯಾಗಿ ಉಳಿದುಹೋಗುತ್ತದೆ. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳ ರೋಗದ ವಿಷಯದಲ್ಲಾದರೋ ಈ ಕ್ರಮ ಸಲ್ಲದು. ಹೃದಯದ ವಿದ್ಯುತ್ಸ್ಪಂದನವನ್ನು ಬರೆದು ತೋರಿಸುವ ಯಂತ್ರ ಹುಟ್ಟುವುದಕ್ಕೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಮೊದಲೇ ಈ ರೋಗದ ಪ್ರಧಾನ ಲಕ್ಷಣಗಳು ಗ್ರಂಥಸ್ಥವಾಗಿದ್ದುವು. ಗ್ರಂಥಸ್ಥವಾದುದು ರೋಗಿಗಳ ಬಾಯಿಮಾತಿನಿಂದ. ತನ್ನ ನೋವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬಲ್ಲ ರೋಗಿಯೂ, ಅದಕ್ಕೆ ಕಿವಿಗೊಡುವ ವ್ಯವಧಾನವುಳ್ಳ ವೈದ್ಯನೂ ಎದುರುಬದುರಾದಾಗಲೆಲ್ಲ ಈ ರೋಗದ ತಿಳಿವಳಿಕೆ ಮುಂದುವರಿಯಿತೆಂಬುದನ್ನೂ, ಅವರಲ್ಲೊಬ್ಬರು ಮೌನವಹಿಸಿದಾಗಲೆಲ್ಲ ಅದು ನಿಂತಲ್ಲಿಯೇ ನಿಂತಿತೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಎದೆಯ ನೋವು ಮನುಷ್ಯನಿಗೆ ಹೊಸದಲ್ಲ. ಚರಕಸಂಹಿತೆ ಹೃದ್ರೋಗವನ್ನು ವಾತ, ಪಿತ್ತ, ಕಫ, ಸನ್ನಿಪಾತ, ಕ್ರಿಮಿ ಎಂಬ ಕಾರಣಭೇದದಿಂದ ಐದು ಬಗೆಯಾಗಿ ವಿಂಗಡಿಸಿದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಉಸಿರಾಟಕ್ಕೆ ತಡೆಯುಂಟುಮಾಡುವ ಹೃದಯದ ಶೂಲೆಯೊಂದು ವರ್ಣಿತವಾಗಿದೆ. ಆದರೆ ಆ ಗ್ರಂಥಗಳ ಹಿಂದಿರುವ ಶಾರೀರಕಲ್ಪನೆಯೇ ಬೇರೆಯಾದುದರಿಂದ, ಅವುಗಳ ಮಾತನ್ನು ಇಂದಿನ ರೋಗನಾಮಗಳೊಡನೆ ಒಂದಕ್ಕೊಂದು ಹೊಂದಿಸಿಬಿಡುವ ಆತುರ ಉಚಿತವಲ್ಲ. ಯೂರೋಪಿನಲ್ಲಾದರೋ ಈ ನೋವನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ವೈದ್ಯನಲ್ಲ. ಇಂಗ್ಲೆಂಡಿನ ರಾಜಕಾರಣಿಯೂ ಇತಿಹಾಸಕಾರನೂ ಆಗಿದ್ದ ಕ್ಲಾರೆಂಡನ್ ಪ್ರಭುವು ತನ್ನ ಆತ್ಮಚರಿತ್ರೆಯಲ್ಲಿ ತನ್ನ ತಂದೆಯ ಕಾಯಿಲೆಯನ್ನು ನಿರೂಪಿಸಿದ್ದಾನೆ: ಆಗಾಗ ಎಡತೋಳಿನಲ್ಲಿ ತಲೆದೋರುತ್ತಿದ್ದ ಘೋರವಾದ ವೇದನೆ, ಆ ವೇಳೆಯಲ್ಲಿ ಹೆಣದಂತೆ ಬಿಳಿಚಿಕೊಳ್ಳುತ್ತಿದ್ದ ಮುಖ, ವೇದನೆ ಅಡಗಿದೊಡನೆ ಏನೂ ಆಗಿಲ್ಲವೆಂಬಂತೆ ಮರಳುತ್ತಿದ್ದ ಉಲ್ಲಾಸ, ಕೊನೆಗೆ ಅಂಥದೇ ಒಂದು ವೇದನೆಯಲ್ಲಿ ಕೆಲವೇ ನಿಮಿಷಗಳೊಳಗೆ ಬಂದ ಮರಣ. ಮಗನ ಕಣ್ಣು ಕಂಡದ್ದು ಅಷ್ಟು ನಿಖರವಾಗಿದ್ದರೂ ಆ ವೃತ್ತಾಂತಕ್ಕೆ ಶಾಸ್ತ್ರದಲ್ಲಿ ಸ್ಥಾನ ದೊರೆಯಲಿಲ್ಲ. ನೋವು ತೋಳಿನದಾದುದರಿಂದ ಹೃದಯದ ಕಡೆಗೆ ಯಾರ ಯೋಚನೆಯೂ ಹರಿಯಲಿಲ್ಲ.

ಹಾಗೆ ಹರಿಯುವಂತೆ ಮಾಡಿದವನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. 1710ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಗ್ರೀಕ್ ಲ್ಯಾಟಿನ್ ಪಾಂಡಿತ್ಯವನ್ನು ಸಂಪಾದಿಸಿ, 1748ರಲ್ಲಿ ಲಂಡನ್ನಿಗೆ ಬಂದು ನೆಲಸಿದ ಈತನು ರೋಗಿಯ ಮಂಚದ ಬಳಿ ಕುಳಿತು ಕೇಳಿದ್ದನ್ನೂ ಕಂಡದ್ದನ್ನೂ ಅಂದಂದೇ ಬರೆದಿಡುವ ನಿಯಮವನ್ನು ದಶಕಗಳ ಕಾಲ ತಪ್ಪದೆ ಪಾಲಿಸಿದನು. ಪಂಡಿತ ಸಾಮ್ಯುಯೆಲ್ ಜಾನ್ಸನ್ನನು ಈತನನ್ನು ಪ್ರಾಚೀನ ವಿದ್ವದ್ವೈದ್ಯರ ಪರಂಪರೆಯ ಕೊನೆಯ ಕೊಂಡಿಯೆಂದು ಭಾವಿಸಿದ್ದನು. 1768ರ ಜುಲೈ 21ರಂದು ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯ ಸಭೆಯಲ್ಲಿ ಹೆಬರ್ಡನ್ನನು ಎದೆಯ ಒಂದು ಕಾಯಿಲೆಯನ್ನು ಕುರಿತು ಓದಿದ ಚಿಕ್ಕ ಪ್ರಬಂಧವು 1772ರಲ್ಲಿ ಮುದ್ರಿತವಾಯಿತು. ಆ ಕಾಯಿಲೆಗೆ ಅವನಿತ್ತ ‘ಆಂಜೈನಾ ಪೆಕ್ಟೋರಿಸ್’ ಎಂಬ ಹೆಸರೇ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಾವು ಹೃದಯಶೂಲೆಯೆಂದು ಕರೆಯುವುದು ಇದನ್ನೇ.

ಅವನ ವರ್ಣನೆಯ ಸಾರಾಂಶವಿದು. ಈ ರೋಗವುಳ್ಳವರಿಗೆ ನಡೆಯುವಾಗ, ಅದರಲ್ಲಿಯೂ ದಿಣ್ಣೆಯೇರುವಾಗ, ಅದರಲ್ಲಿಯೂ ಊಟವಾದ ಸ್ವಲ್ಪ ಹೊತ್ತಿಗೇ ನಡೆದರೆ, ಎದೆಯಲ್ಲಿ ಒಂದು ಅಸಹನೀಯವಾದ ಸಂಕಟ ತಲೆದೋರಿ, ಇನ್ನಷ್ಟು ಹೆಚ್ಚಿದರೆ ಅಥವಾ ಇನ್ನಷ್ಟು ಹೊತ್ತು ಉಳಿದರೆ ಪ್ರಾಣವೇ ಹೋದೀತೆಂಬ ಭೀತಿ ಹುಟ್ಟುತ್ತದೆ. ನಡೆಯುವವನು ನಿಂತೊಡನೆ ಅದು ಮಾಯವಾಗುತ್ತದೆ. ನೋವಿನ ನೆಲೆ ಎದೆಯೆಲುಬಿನ ಮೇಲುಭಾಗದಲ್ಲಿಯೋ ನಡುವೆಯೋ ಕೆಳಗೋ ಇರಬಹುದು. ಬಲಕ್ಕಿಂತ ಎಡಕ್ಕೆ ವಾಲುವುದು ಹೆಚ್ಚು. ಎಡತೋಳಿನ ನಡುವಿನವರೆಗೆ ಅದು ಹರಿಯುವುದುಂಟು. ರೋಗ ಕೆಲವು ತಿಂಗಳು ಹಳೆಯದಾದ ಮೇಲೆ ನಿಂತಮಾತ್ರದಿಂದ ನೋವು ಹೋಗದು. ಮಲಗಿದ್ದಾಗಲೂ ಅದು ಬಂದು ಎಬ್ಬಿಸೀತು. ಪ್ರಬಂಧವನ್ನು ಓದಿದಾಗ ಅವನು ಕಂಡಿದ್ದ ಇಂಥ ರೋಗಿಗಳು ಸುಮಾರು ಇಪ್ಪತ್ತು ಮಂದಿ. ಅವನ ಮರಣಾನಂತರ 1802ರಲ್ಲಿ ಮಗನು ಪ್ರಕಟಿಸಿದ ಗ್ರಂಥದ ವೇಳೆಗೆ ಆ ಸಂಖ್ಯೆ ನೂರರ ಹತ್ತಿರಕ್ಕೆ ಏರಿದ್ದಿತು. ಅವರಲ್ಲಿ ಹೆಂಗಸರು ಮೂವರು ಮಾತ್ರ, ಹನ್ನೆರಡು ವರ್ಷದ ಹುಡುಗನೊಬ್ಬ, ಉಳಿದವರೆಲ್ಲರೂ ಬಹುತೇಕ ಐವತ್ತರ ಆಸುಪಾಸಿನ ಅಥವಾ ಐವತ್ತನ್ನು ದಾಟಿದ ಗಂಡಸರು. ಔಷಧದ ವಿಷಯದಲ್ಲಿ ಅವನಿಗೆ ತಿಳಿದಿದ್ದುದು ಮುಖ್ಯವಾಗಿ ಮಲಗುವ ಮುನ್ನ ಕೊಡುವ ಅಫೀಮು. ಆದರೂ ದಿನಕ್ಕೆ ಅರ್ಧ ಗಂಟೆ ಮರ ಕೊಯ್ಯುವ ನಿಯಮವನ್ನಿಟ್ಟುಕೊಂಡು ಬಹುಮಟ್ಟಿಗೆ ಗುಣಹೊಂದಿದ ಒಬ್ಬನ ಸಂಗತಿಯನ್ನು ಅವನು ದಾಖಲೆ ಮಾಡದೆ ಬಿಡಲಿಲ್ಲ.

ಈ ಪ್ರಬಂಧದಲ್ಲಿ ನಾಡಿಯ ವಿಚಾರವಿದೆ, ನಿದ್ರೆಯ ವಿಚಾರವಿದೆ, ಊಟದ ವಿಚಾರವಿದೆ. ಹೃದಯದ ಧಮನಿಗಳ ವಿಚಾರ ಮಾತ್ರ ಇಲ್ಲ. ಕಾರಣವನ್ನು ತಿಳಿಯದೆಯೇ ಹೆಬರ್ಡನ್ನನು ಕಾರ್ಯವನ್ನು ಅಷ್ಟು ಪೂರ್ಣವಾಗಿ ವರ್ಣಿಸಿದ್ದನು. ಕಾರಣದ ಅನ್ವೇಷಣೆಗೆ ಮೊದಲು ತೊಡಗಿದವನು ಒಬ್ಬ ರೋಗಿಯೇ ಎಂಬುದು ಈ ಚರಿತ್ರೆಯ ಅತ್ಯಂತ ಗೌರವಾರ್ಹವಾದ ಪ್ರಸಂಗ. ಪ್ರಬಂಧ ಮುದ್ರಿತವಾದ 1772ರ ಏಪ್ರಿಲ್ ತಿಂಗಳಲ್ಲಿ, ಹೆಸರು ಹಾಕದ ಒಂದು ಪತ್ರ ಹೆಬರ್ಡನ್ನನ ಕೈ ಸೇರಿತು. ಬರೆದವನಿಗೆ ಐವತ್ತೆರಡು ವರ್ಷ. ಪತ್ರಿಕೆಯೊಂದರಲ್ಲಿ ಆ ಪ್ರಬಂಧದ ವಿಮರ್ಶೆಯನ್ನೋದಿದ ಅವನು, ಅಲ್ಲಿ ವರ್ಣಿತವಾದದ್ದು ತನ್ನದೇ ಕಾಯಿಲೆಯೆಂದು ಗುರುತಿಸಿ, ಐದಾರು ವರ್ಷಗಳಿಂದ ತಾನು ಅನುಭವಿಸುತ್ತಿದ್ದುದನ್ನೆಲ್ಲ ಭಯವನ್ನಾಗಲಿ ಸ್ವಾನುಕಂಪವನ್ನಾಗಲಿ ಬೆರೆಸದೆ ನಿವೇದಿಸಿದ್ದನು. ಕೈತೋಳಿನ ನೋವಲ್ಲದೆ, ತನ್ನೊಳಗಿನ ಸಮಸ್ತ ವ್ಯಾಪಾರವೂ ಮೂರು ನಾಲ್ಕು ಕ್ಷಣ ಸ್ತಬ್ಧವಾಗಿ ಮತ್ತೆ ಒಂದು ಆಘಾತದೊಡನೆ ಆರಂಭವಾಗುವಂತೆ ತೋರುತ್ತಿದ್ದ ವಿಚಿತ್ರಾನುಭವವನ್ನೂ ಅವನು ಬಿಡಿಸಿ ಹೇಳಿದ್ದನು. ತಾನು ಹಠಾತ್ತಾಗಿ ಸಾಯುವೆನೆಂಬ ನಂಬಿಕೆ ತನಗಿರುವುದರಿಂದ, ಹಾಗಾದ ಪಕ್ಷದಲ್ಲಿ ತನ್ನ ಶರೀರವನ್ನು ತೆರೆದು ನೋಡುವ ಅವಕಾಶ ಹೆಬರ್ಡನ್ನನಿಗೆ ದೊರೆಯತಕ್ಕದ್ದೆಂದು ಮರಣಶಾಸನದಲ್ಲಿ ಏರ್ಪಡಿಸಿರುವುದಾಗಿಯೂ, ಇದರಿಂದ ಇತರರಿಗೆ ಪ್ರಯೋಜನವಾದೀತೆಂದು ಆಶಿಸುವುದಾಗಿಯೂ ತಿಳಿಸಿದ್ದನು.

ಮೂರು ವಾರ ತುಂಬುವುದರೊಳಗೆ ಅವನು ಸತ್ತನು. ಶವಪರೀಕ್ಷೆಯನ್ನು ನಡೆಸಿದವನು ಆ ಕಾಲದ ಶಸ್ತ್ರವೈದ್ಯರಲ್ಲಿ ಅಗ್ರಗಣ್ಯನಾದ ಜಾನ್ ಹಂಟರ್. ಬಳಿಯಲ್ಲಿದ್ದವನು ಮುಂದೆ ಸಿಡುಬಿನ ಲಸಿಕೆಯಿಂದ ಲೋಕಪ್ರಸಿದ್ಧನಾಗಲಿದ್ದ ಅವನ ತರುಣ ಶಿಷ್ಯ ಎಡ್ವರ್ಡ್ ಜೆನ್ನರ್. ಹೃದಯವನ್ನು ತೆರೆದರು, ಕವಾಟಗಳನ್ನು ನೋಡಿದರು, ಮಹಾಧಮನಿಯನ್ನು ನೋಡಿದರು. ನೋವಿಗೆ ಕಾರಣವಾಗಬಹುದಾದ ಯಾವುದೂ ಕಾಣಲಿಲ್ಲ. ಹೃದಯವನ್ನು ಬಳಸಿಕೊಂಡು ಅದರ ಮಾಂಸಕ್ಕೇ ರಕ್ತವನ್ನುಣಿಸುವ ಕಿರೀಟ ಧಮನಿಗಳನ್ನು ಮಾತ್ರ ಯಾರೂ ಸೀಳಿ ನೋಡಲಿಲ್ಲ. ಅನಾಮಧೇಯನು ತನ್ನ ಪಾಲಿನ ಸಾಕ್ಷ್ಯವನ್ನು ಸಂಪೂರ್ಣವಾಗಿ ಒಪ್ಪಿಸಿದ್ದನು. ವಿಚಾರಣೆ ನಡೆಸಿದವರು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳದೆಹೋದರು.

ಕೆಲವು ವರ್ಷಗಳ ತರುವಾಯ ಜೆನ್ನರನು ಇಂಥದೇ ಮತ್ತೊಂದು ಶವಪರೀಕ್ಷೆಯಲ್ಲಿ ಹೃದಯದ ಬುಡದ ಬಳಿ ಅಡ್ಡವಾಗಿ ಕೊಯ್ಯುತ್ತಿದ್ದಾಗ, ಅವನ ಕತ್ತಿ ಯಾವುದೋ ಗಟ್ಟಿಯಾದ ಪದಾರ್ಥಕ್ಕೆ ತಗುಲಿ ಅದರ ಅಲಗು ಮುಕ್ಕಾಯಿತು. ಹಳೆಯ ಕಟ್ಟಡದ ಮಾಳಿಗೆಯಿಂದ ಗಾರೆ ಉದುರಿ ಬಿದ್ದಿರಬೇಕೆಂದು ಅವನು ತಲೆಯೆತ್ತಿ ನೋಡಿದನಂತೆ. ಅನಂತರ ಪರಿಶೀಲಿಸಿದರೆ, ಕತ್ತಿಗೆ ತಗುಲಿದ್ದು ಎಲುಬಿನ ನಾಳಗಳಂತಾಗಿದ್ದ ಕಿರೀಟ ಧಮನಿಗಳೇ. ಅಂದಿನಿಂದ ಅವನಿಗೆ ಈ ನೋವಿನ ಮೂಲ ಆ ಧಮನಿಗಳಲ್ಲಿಯೇ ಇದೆಯೆಂಬ ದೃಢವಾದ ಶಂಕೆ ಹುಟ್ಟಿತು. ಆದರೆ ಅಷ್ಟರಲ್ಲಿ ಅವನ ಗುರುವಾದ ಹಂಟರನಲ್ಲಿಯೇ ಅದೇ ರೋಗದ ಚಿಹ್ನೆಗಳು ನಿಸ್ಸಂಶಯವಾಗಿ ಕಾಣತೊಡಗಿದ್ದುವು. ಸತ್ಯವನ್ನು ಪ್ರಕಟಿಸಿದರೆ ಅದು ಗುರುವಿಗೆ ಮರಣದಂಡನೆಯನ್ನು ಓದಿ ಹೇಳಿದಂತಾಗುವುದೆಂದು ಬಗೆದ ಶಿಷ್ಯನು ತನ್ನ ಅಭಿಪ್ರಾಯವನ್ನು ಅಚ್ಚಿಗೆ ಕೊಡದೆ ತಡೆದಿಟ್ಟನು. ಶಾಸ್ತ್ರದ ದೃಷ್ಟಿಯಿಂದ ಈ ಮೌನ ನಷ್ಟವೇ ಸರಿ. ಗುರುಭಕ್ತಿಯ ದೃಷ್ಟಿಯಿಂದ ಅದನ್ನು ದೂಷಿಸುವುದಕ್ಕೆ ಮನಸ್ಸು ಬಾರದು.

ಹಂಟರನು ಇಪ್ಪತ್ತು ವರ್ಷಗಳ ಕಾಲ ಈ ನೋವಿನೊಡನೆ ಬಾಳಿದನು. 1773ರಲ್ಲಿ ಮೊದಲ ಬಾರಿ ಬಂದ ಅದು ಕ್ರಮೇಣ ನಡಿಗೆಯಿಂದ ಮಾತ್ರವಲ್ಲದೆ ಕೋಪದಿಂದಲೂ ಬರತೊಡಗಿತು. ಸ್ವಭಾವತಃ ಮುಂಗೋಪಿಯಾದ ಅವನು, ತನ್ನನ್ನು ಕೆಣಕಬಯಸುವ ಯಾವ ದುಷ್ಟನ ಕೈಯಲ್ಲಿಯಾದರೂ ತನ್ನ ಪ್ರಾಣವಿದೆಯೆಂದು ಸ್ವತಃ ಹೇಳಿಕೊಳ್ಳುತ್ತಿದ್ದನು. ಅದು ಅಕ್ಷರಶಃ ನಿಜವಾಯಿತು. 1793ರ ಅಕ್ಟೋಬರ್ 16ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತಮಂಡಲಿಯ ಸಭೆಯಲ್ಲಿ, ವಿದ್ಯಾರ್ಥಿಗಳ ಪ್ರವೇಶದ ವಿಷಯವಾಗಿ ಮಾತಿಗೆ ಮಾತು ಬೆಳೆದು, ಸಹೋದ್ಯೋಗಿಯೊಬ್ಬನು ಅವನ ಮಾತನ್ನು ಅಲ್ಲಗಳೆದಾಗ, ಹಂಟರನು ಸಭೆಯಿಂದೆದ್ದು ಪಕ್ಕದ ಕೋಣೆಗೆ ಹೋಗಿ ಅಲ್ಲಿಯೇ ಕುಸಿದು ಪ್ರಾಣಬಿಟ್ಟನು. ಭಾವಮೈದುನನಾದ ಎವೆರಾರ್ಡ್ ಹೋಮ್ ನಡೆಸಿದ ಶವಪರೀಕ್ಷೆಯಲ್ಲಿ ಕಿರೀಟ ಧಮನಿಗಳು ಗಡುಸಾಗಿ ಎಲುಬುಗಟ್ಟಿದ್ದುವು. ಜೆನ್ನರನ ಊಹೆ ಗುರುವಿನ ದೇಹದಲ್ಲಿಯೇ ಸಿದ್ಧವಾಯಿತು. ಆರು ವರ್ಷಗಳ ಮೇಲೆ, 1799ರಲ್ಲಿ, ಬಾತ್ ಪಟ್ಟಣದ ವೈದ್ಯ ಕೇಲಬ್ ಪ್ಯಾರಿಯು ಜೆನ್ನರನ ಪತ್ರವನ್ನೂ ಸೇರಿಸಿಕೊಂಡು ಬರೆದ ಗ್ರಂಥದಲ್ಲಿ ಹೃದಯಶೂಲೆಗೂ ಕಿರೀಟ ಧಮನಿಗಳಿಗೂ ಇರುವ ಸಂಬಂಧ ಮೊದಲ ಬಾರಿಗೆ ವಿಸ್ತಾರವಾಗಿ ಪ್ರತಿಪಾದಿತವಾಯಿತು.

ಹತ್ತೊಂಬತ್ತನೆಯ ಶತಮಾನ ಈ ರೋಗದ ಕಾರಣದ ತಿಳಿವಳಿಕೆಗೆ ಹೆಚ್ಚೇನನ್ನೂ ಕೂಡಿಸಲಿಲ್ಲ. ಆದರೆ ಉಪಶಮನಕ್ಕೆ ದಾರಿ ತೋರಿಸಿತು. 1867ರಲ್ಲಿ ಎಡಿನ್‌ಬರೋ ನಗರದ ಆಸ್ಪತ್ರೆಯಲ್ಲಿದ್ದ ಲಾಡರ್ ಬ್ರಂಟನ್ ಎಂಬ ತರುಣ ವೈದ್ಯನು, ರಾತ್ರಿಯ ಹೊತ್ತು ಹೃದಯಶೂಲೆಯಿಂದ ನರಳುತ್ತಿದ್ದ ರೋಗಿಗೆ ರಕ್ತ ತೆಗೆದರೆ ನೋವು ತಗ್ಗುವುದನ್ನು ಗಮನಿಸಿ, ರಕ್ತದ ಒತ್ತಡವನ್ನು ಇಳಿಸುವ ಏಮಿಲ್ ನೈಟ್ರೈಟನ್ನು ಬಟ್ಟೆಯ ಮೇಲೆ ಹಾಕಿ ಮೂಸಿಸಿದನು. ನೋವು ನಿಮಿಷದೊಳಗೆ ಇಳಿಯಿತು. 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್, ಮೊದಲು ತಾನೇ ಸೇವಿಸಿ ತಲೆ ಸಿಡಿಯುವಂತಹ ಬಡಿತವನ್ನನುಭವಿಸಿ, ಅನಂತರ ರೋಗಿಗಳಿಗೆ ನೈಟ್ರೋಗ್ಲಿಸರಿನ್ನಿನ ಅತ್ಯಲ್ಪ ಮಾತ್ರೆಯನ್ನು ಕೊಡತೊಡಗಿದನು. ಟ್ಯೂರಿನ್ನಿನ ಸೊಬ್ರೇರೋ 1847ರಲ್ಲಿ ತಯಾರಿಸಿದ್ದ, ಡೈನಮೈಟಿನ ಜೀವಾಳವಾದ ಆ ಸ್ಫೋಟಕ ದ್ರವವೇ ಎದೆನೋವಿನ ಮದ್ದಾದದ್ದು ವಿಧಿಯ ವಿನೋದವೆನ್ನಬೇಕು. ಡೈನಮೈಟಿನಿಂದ ಕೋಟ್ಯಧೀಶನಾದ ಆಲ್ಫ್ರೆಡ್ ನೊಬೆಲನಿಗೇ 1896ರಲ್ಲಿ, ಸಾಯುವುದಕ್ಕೆ ಕೆಲವು ವಾರಗಳ ಮುಂಚೆ, ವೈದ್ಯರು ಅದನ್ನು ಬರೆದುಕೊಟ್ಟಾಗ, ಅವನು ಸ್ನೇಹಿತನಿಗೆ ಬರೆದ ಪತ್ರದಲ್ಲಿ ಈ ವಿಪರ್ಯಾಸವನ್ನು ನೆನೆದು ನಕ್ಕಿದ್ದನು; ಜನ ಹೆದರದಿರಲೆಂದು ಔಷಧದಂಗಡಿಗಳಲ್ಲಿ ಅದಕ್ಕೆ ಬೇರೆ ಹೆಸರಿಟ್ಟಿದ್ದರು. ನೈಟ್ರೋಗ್ಲಿಸರಿನ್ ಹೇಗೆ ಕೆಲಸ ಮಾಡುವುದೆಂಬುದನ್ನು ಬಯಲುಪಡಿಸಿದ ಶೋಧಕ್ಕೆ 1998ರಲ್ಲಿ ದೊರೆತದ್ದು ನೊಬೆಲನ ಹೆಸರಿನ ಬಹುಮಾನವೇ.

ಇಷ್ಟಾದರೂ ಒಂದು ದೊಡ್ಡ ಭ್ರಾಂತಿ ಉಳಿದಿದ್ದಿತು. ಕಿರೀಟ ಧಮನಿ ಥಟ್ಟನೆ ಮುಚ್ಚಿಹೋದರೆ ಮನುಷ್ಯನು ಆ ಕ್ಷಣದಲ್ಲಿಯೇ ಸಾಯುವನೆಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಆದಕಾರಣ ಗಂಟೆಗಟ್ಟಲೆ ಎದೆ ಹಿಂಡುವ ನೋವಿನಿಂದ ನರಳಿ, ಬೆವರಿ, ವಾಂತಿ ಮಾಡಿಕೊಂಡು, ಒಂದೆರಡು ದಿನ ಬದುಕಿ ಸತ್ತವನ ಕಾಯಿಲೆಯನ್ನು ತೀವ್ರವಾದ ಅಜೀರ್ಣವೆಂದು ಬರೆದು ಮುಗಿಸುತ್ತಿದ್ದರು. ಕೀವ್ ನಗರದ ಒಬ್ರಾಜ್‌ಸೋವ್ ಮತ್ತು ಸ್ಟ್ರಾಜೆಸ್ಕೋ ಎಂಬ ವೈದ್ಯರು 1910ರಲ್ಲಿಯೂ, ಷಿಕಾಗೋವಿನ ಜೇಮ್ಸ್ ಹೆರಿಕ್ 1912ರಲ್ಲಿಯೂ ಈ ಭ್ರಾಂತಿಯನ್ನು ಮುರಿದರು. ಹೆರಿಕ್ ವರ್ಣಿಸಿದ ಒಬ್ಬ ರೋಗಿ ಐವತ್ತೈದು ವರ್ಷದ ಬ್ಯಾಂಕ್ ವ್ಯವಹಾರಸ್ಥ. ಊಟವಾದ ಒಂದು ಗಂಟೆಯ ಮೇಲೆ ನೋವು ಹಿಡಿದು, ಎರಡು ದಿನಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಬದುಕಿದ್ದು ತೀರಿಕೊಂಡನು. ಶವಪರೀಕ್ಷೆಯಲ್ಲಿ ಎಡ ಕಿರೀಟ ಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡುಬಂತು. ಧಮನಿ ಮುಚ್ಚಿದರೂ ಬದುಕುವುದು ಸಾಧ್ಯ, ಬದುಕಿರುವಾಗಲೇ ಈ ರೋಗವನ್ನು ಗುರುತಿಸುವುದೂ ಸಾಧ್ಯವೆಂಬುದು ಹೆರಿಕ್ಕನ ವಾದ. ವೈದ್ಯರ ಸಭೆಯಲ್ಲಿ ಅವನು ಓದಿದ ಆ ಪ್ರಬಂಧವನ್ನು ಯಾರೂ ಲಕ್ಷಿಸಲಿಲ್ಲ. ಹಾಲೆಂಡಿನ ಲೈಡನ್ನಿನಲ್ಲಿ ಐಂಟ್‌ಹೋವನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಿರ್ಮಿಸಿದ, ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತ ಮನುಷ್ಯನ ಹೃದಯಸ್ಪಂದನವನ್ನು ರೇಖೆಯಾಗಿ ಬರೆಯುತ್ತಿದ್ದ, ಐದು ಜನರ ದುಡಿಮೆಯನ್ನು ಬೇಡುತ್ತಿದ್ದ ಆ ಭಾರಿ ಯಂತ್ರವು ಪರಿಷ್ಕೃತವಾಗಿ ಆಸ್ಪತ್ರೆಗಳಿಗೆ ಬಂದು, ಧಮನಿ ಮುಚ್ಚಿದ ಹೃದಯದ ರೇಖೆಯೇ ಬೇರೆಯೆಂದು ಕಣ್ಣಿಗೆ ತೋರಿಸಿದ ಮೇಲಷ್ಟೇ ವೈದ್ಯಲೋಕ ಹೆರಿಕ್ಕನ ಮಾತಿಗೆ ತಲೆದೂಗಿತು.

ಇಲ್ಲಿಗೆ ಎದೆನೋವಿನ ಪ್ರಭೇದಗಳು ಒಂದು ವ್ಯವಸ್ಥೆಗೆ ಬಂದುವು. ಧಮನಿಯ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ದಾರಿ ಕಿರಿದಾದಾಗ, ಹೂಳು ತುಂಬಿದ ಕಾಲುವೆ ಮಳೆಗಾಲದಲ್ಲಿ ಗದ್ದೆಗೆ ಸಾಕಾಗಿ ಬೇಸಗೆಯಲ್ಲಿ ಸಾಲದೆಹೋಗುವಂತೆ, ವಿಶ್ರಾಂತಿಯಲ್ಲಿ ಸಾಕಾಗುವ ರಕ್ತ ಶ್ರಮದಲ್ಲಿ ಸಾಲದಾಗುತ್ತದೆ. ನಡೆದಾಗ ಬಂದು ನಿಂತಾಗ ಹೋಗುವ, ದಿನದಿನವೂ ಒಂದೇ ಪರಿಮಾಣದ ಶ್ರಮಕ್ಕೆ ಕಾಣಿಸಿಕೊಳ್ಳುವ ನೋವು ಇದು, ಹೆಬರ್ಡನ್ನನು ಮೊದಲು ವರ್ಣಿಸಿದ ಸ್ಥಿರಶೂಲೆ. ಆ ಕೊಬ್ಬಿನ ಪದರ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟತೊಡಗಿದರೆ, ನೋವು ಅಲ್ಪಶ್ರಮಕ್ಕೂ ವಿಶ್ರಾಂತಿಯಲ್ಲಿಯೂ ಬರುತ್ತದೆ, ದಿನೇದಿನೇ ಬಲವಾಗುತ್ತದೆ. ಇದು ಅಸ್ಥಿರಶೂಲೆ, ಬರಲಿರುವ ಆಪತ್ತಿನ ಮುನ್ಸೂಚನೆ. ಹೆಪ್ಪು ದಾರಿಯನ್ನು ಮುಚ್ಚಿ, ಹೃದಯದ ಮಾಂಸ ಸಾಯತೊಡಗಿದರೆ ಅದೇ ಹೆರಿಕ್ಕನು ಹೇಳಿದ ಹೃದಯಾಘಾತ. ಇಲ್ಲಿ ನಡೆಯುವವನು ನಿಂತರೂ ನೋವು ಹೋಗದು, ನಾಲಿಗೆಯಡಿಯಲ್ಲಿಡುವ ನೈಟ್ರೋಗ್ಲಿಸರಿನ್ ಮಾತ್ರೆಗೂ ಜಗ್ಗದು. ಇವುಗಳಿಗೆ ಹೊರತಾಗಿ, ಶ್ರಮವಿಲ್ಲದೆಯೇ, ಸಾಮಾನ್ಯವಾಗಿ ರಾತ್ರಿಯ ಕೊನೆಯ ಜಾವದಲ್ಲಿ, ಧಮನಿಯೇ ಸೆಟೆದುಕೊಂಡು ಬರುವ ನೋವೊಂದನ್ನು ಲಾಸ್ ಏಂಜಲಿಸ್ ನಗರದ ಪ್ರಿಂಜ್‌ಮೆಟಲ್ 1959ರಲ್ಲಿ ಪ್ರತ್ಯೇಕಿಸಿ ತೋರಿಸಿದನು. ಎದೆಯ ನೋವೆಲ್ಲವೂ ಹೃದಯದ್ದಲ್ಲವೆಂಬುದನ್ನೂ ಹೇಳಬೇಕು: ಉಸಿರೆಳೆದಾಗ ಚುಚ್ಚುವ ನೋವು ಶ್ವಾಸಕೋಶದ ಪೊರೆಯದಿರಬಹುದು, ಬೆರಳಿನಿಂದ ಒತ್ತಿದರೆ ಹೆಚ್ಚುವ ನೋವು ಪಕ್ಕೆಲುಬಿನ ಸಂದಿಯದಿರಬಹುದು, ಮಲಗಿದರೆ ಗಂಟಲಿಗೇರುವ ಉರಿ ಜಠರದ ಆಮ್ಲದ್ದಿರಬಹುದು. ಈ ಭೇದಗಳೆಲ್ಲವೂ ಮೊದಲು ತಿಳಿಯುವುದು ರೋಗಿ ಕೊಡುವ ಉತ್ತರಗಳಿಂದಲೇ. ಯಂತ್ರದ ಕೆಲಸ ಆಮೇಲಿನದು.

ನೋವಿನ ಚರಿತ್ರೆ ಹೀಗೆ ನಡೆಯಿತು. ಆದರೆ ನೋವು ಬರುವುದಕ್ಕೆ ಮೊದಲು ಏನಾಗುತ್ತದೆ? ಯಾರಿಗೆ ಬರುತ್ತದೆ, ಏತಕ್ಕೆ ಬರುತ್ತದೆ? ಸೇಂಟ್ ಪೀಟರ್ಸ್‌ಬರ್ಗಿನ ಅನಿಚ್ಕೋವ್ 1913ರಲ್ಲಿ ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ ಅವುಗಳ ಧಮನಿಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ್ದನು. ಆದರೆ ಮೊಲದ ಮೇಲೆ ಕಂಡದ್ದು ಮನುಷ್ಯನಿಗೆ ಅನ್ವಯಿಸುವುದೆಂದು ಒಪ್ಪಲು ಅನೇಕರು ಸಿದ್ಧರಿರಲಿಲ್ಲ. ರಕ್ತದ ಒತ್ತಡ ವಯಸ್ಸಿನೊಡನೆ ಏರುವುದು ಸಹಜವೆಂದೂ, ಅದನ್ನು ಇಳಿಸಹೋಗುವುದೇ ಅಪಾಯವೆಂದೂ ತಿಳಿದ ವೈದ್ಯರು ಆಗ ವಿರಳರಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಸತ್ತ ದಿನ ಅವನ ರಕ್ತದೊತ್ತಡ 300/190ಕ್ಕೆ ಏರಿತ್ತು. ಅದಕ್ಕೆ ಸ್ವಲ್ಪ ಮುಂಚಿನವರೆಗೂ ಅವನ ಖಾಸಗಿ ವೈದ್ಯನು ಅಧ್ಯಕ್ಷರ ಆರೋಗ್ಯ ಚೆನ್ನಾಗಿದೆಯೆಂದೇ ಲೋಕಕ್ಕೆ ಸಾರುತ್ತಿದ್ದನು. ಹೃದ್ರೋಗವು ಆ ದೇಶದಲ್ಲಿ ಮರಣಕಾರಣಗಳಲ್ಲೆಲ್ಲ ಮೊದಲನೆಯದಾಗಿದ್ದ ಕಾಲವದು. 1948ರ ಜೂನ್ 16ರಂದು ಅಧ್ಯಕ್ಷ ಟ್ರೂಮನ್ ಹೃದಯಸಂಶೋಧನೆಗೆ ಹಣ ಒದಗಿಸುವ ಶಾಸನಕ್ಕೆ ಅಂಕಿತ ಹಾಕಿದನು.

ಅದೇ ವರ್ಷ ಬಾಸ್ಟನ್ ನಗರಕ್ಕೆ ಪಶ್ಚಿಮದಲ್ಲಿ ಇಪ್ಪತ್ತು ಮೈಲಿ ದೂರದಲ್ಲಿರುವ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ, ವೈದ್ಯಚರಿತ್ರೆಯಲ್ಲಿ ಹಿಂದೆ ಕಂಡರಿಯದ ಒಂದು ಪ್ರಯತ್ನ ಆರಂಭವಾಯಿತು. ಸುಮಾರು ಇಪ್ಪತ್ತೆಂಟು ಸಾವಿರ ಜನಸಂಖ್ಯೆಯ, ಕಾರ್ಖಾನೆಗಳೂ ಅಂಗಡಿಗಳೂ ಉಳ್ಳ ಸಾಧಾರಣವಾದ ಊರದು; ಮೂವತ್ತು ವರ್ಷಗಳ ಹಿಂದೆ ಕ್ಷಯರೋಗದ ಸಾಮೂಹಿಕ ಪರೀಕ್ಷೆಗೆ ಒಪ್ಪಿಕೊಂಡ ಅನುಭವವೂ ಅದಕ್ಕಿತ್ತು. ಅಲ್ಲಿನ 2336 ಗಂಡಸರೂ 2873 ಹೆಂಗಸರೂ, ಒಟ್ಟು 5209 ಮಂದಿ, ರೋಗವಿಲ್ಲದಿರುವಾಗಲೇ ವೈದ್ಯರ ಮುಂದೆ ಬಂದು, ಎರಡೆರಡು ವರ್ಷಕ್ಕೊಮ್ಮೆ ತಮ್ಮ ರಕ್ತ, ತೂಕ, ರಕ್ತದೊತ್ತಡ, ಹೃದಯರೇಖೆ, ಊಟ, ಧೂಮಪಾನ ಇವುಗಳನ್ನೆಲ್ಲ ಪರಿಶೀಲನೆಗೆ ಒಪ್ಪಿಸಲು ಸಮ್ಮತಿಸಿದರು. ಅವರಿಗೆ ಚಿಕಿತ್ಸೆಯ ವಾಗ್ದಾನವಿರಲಿಲ್ಲ, ಸಂಬಳವಿರಲಿಲ್ಲ. ಇಪ್ಪತ್ತು ವರ್ಷಕ್ಕೆಂದು ಯೋಜಿತವಾದ ಕಾರ್ಯ ಮೂರು ತಲೆಮಾರುಗಳಿಗೆ ಬೆಳೆಯಿತು. 1971ರಲ್ಲಿ ಮಕ್ಕಳೂ 2002ರಲ್ಲಿ ಮೊಮ್ಮಕ್ಕಳೂ ಅದೇ ರೀತಿ ಸೇರಿಕೊಂಡರು. ಒಬ್ಬ ಅನಾಮಧೇಯನು ತನ್ನ ದೇಹವನ್ನು ಶಾಸ್ತ್ರಕ್ಕೆ ಒಪ್ಪಿಸಿದ್ದನ್ನು ಹಿಂದೆ ಕಂಡೆವು. ಇಲ್ಲಿ ಒಂದು ಊರು ತನ್ನ ಬದುಕನ್ನೇ ಒಪ್ಪಿಸಿತು.

ಆ ಸಾಕ್ಷ್ಯದ ಫಲ ಬೇಗನೆ ಬಂತು. ಆರು ವರ್ಷಗಳ ಅವಲೋಕನವನ್ನಾಧರಿಸಿ 1961ರಲ್ಲಿ ಪ್ರಕಟವಾದ ಲೇಖನದಲ್ಲಿ, ಏರಿದ ರಕ್ತದೊತ್ತಡವೂ ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲೂ ಮುಂದೆ ಬರಲಿರುವ ಹೃದ್ರೋಗವನ್ನು ಸೂಚಿಸುವ ಅಪಾಯಕಾರಕಗಳೆಂಬುದು ಸ್ಪಷ್ಟವಾಯಿತು. ಸಿಗರೇಟಿನ ಕೆಡುಕು, ಮಧುಮೇಹ, ಬೊಜ್ಜು, ಶ್ರಮವಿಲ್ಲದ ಜೀವನ ಇವೂ ಆ ದಶಕದಲ್ಲಿಯೂ ಮುಂದೆಯೂ ಒಂದೊಂದಾಗಿ ಸಾಬೀತಾದುವು. ಇವು ಒಂಟಿಯಾಗಿರುವುದಕ್ಕಿಂತ ಒಟ್ಟುಗೂಡಿದಾಗ ಅನಾಹುತ ಹೆಚ್ಚೆಂಬುದೂ ಗೊತ್ತಾಯಿತು. ಇದೇ ಕಾಲದಲ್ಲಿ, 1953ರಲ್ಲಿ, ಲಂಡನ್ನಿನ ಜೆರಿ ಮಾರಿಸ್ ಆ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿ, ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ ದಿನಕ್ಕೆ ಐನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಮೆಯೆಂದು ತೋರಿಸಿದ್ದನು. ಹೆಬರ್ಡನ್ನನ ಮರ ಕೊಯ್ಯುವ ರೋಗಿಗೆ ಸುಮಾರು ಒಂದೂವರೆ ಶತಮಾನದ ತರುವಾಯ ಶಾಸ್ತ್ರದ ಸಮರ್ಥನೆ ದೊರೆಯಿತು.

ಫ್ರಾಮಿಂಗ್‌ಹ್ಯಾಮಿನ ದಾಖಲೆಗಳು ಇನ್ನೊಂದು ಸಂಗತಿಯನ್ನೂ ಹೊರಗೆಡವಿದುವು. ಎರಡು ವರ್ಷಕ್ಕೊಮ್ಮೆ ತಪ್ಪದೆ ತೆಗೆಯುತ್ತಿದ್ದ ಹೃದಯರೇಖೆಗಳನ್ನು ಮೂವತ್ತು ವರ್ಷಗಳುದ್ದಕ್ಕೂ ಹೋಲಿಸಿ ನೋಡಿದಾಗ, ಆದ ಹೃದಯಾಘಾತಗಳಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಿನವು ರೋಗಿಗೂ ವೈದ್ಯನಿಗೂ ಅರಿವಾಗದೆಯೇ ಆಗಿಹೋಗಿದ್ದುವು. ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಯಾವ ನೋವೂ ಇರಲಿಲ್ಲ. ಮಧುಮೇಹಿಗಳಲ್ಲಿ ಈ ಮೌನ ಹೆಚ್ಚು. ಹೆಂಗಸರಲ್ಲಿ ಎದೆನೋವಿನ ಜೊತೆಗೆ ಅಥವಾ ಅದರ ಬದಲಾಗಿ ಏದುಸಿರು, ಅತಿಯಾದ ಸುಸ್ತು, ಹೊಟ್ಟೆ ತೊಳಸುವಿಕೆ, ಬೆನ್ನಿನ ಅಥವಾ ದವಡೆಯ ನೋವು ಕಾಣಿಸಿಕೊಳ್ಳುವುದುಂಟು. ಹೆಬರ್ಡನ್ನನ ನೂರು ಮಂದಿಯಲ್ಲಿ ಹೆಂಗಸರು ಮೂವರೇ ಆದುದರಿಂದ, ಗಂಡಸಿನ ನೋವೇ ಬಹುಕಾಲ ಗ್ರಂಥಗಳಲ್ಲಿ ನೋವಿನ ಮಾದರಿಯಾಗಿ ನಿಂತಿತು. ದೇಹವೇ ಬಾಯಿ ಬಿಡದಿದ್ದಾಗ ಮಾತನಾಡಬೇಕಾದವು ಈ ಅಪಾಯಕಾರಕಗಳು. ನೋವಿಗೆ ಕಾಯದೆ ಅವನ್ನು ಅಳೆದು ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಇನ್ನು ಚಿಕಿತ್ಸೆಯ ವಿಚಾರ ಅನೇಕರಿಗೆ ತಿಳಿದದ್ದೇ. 1958ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಬದುಕಿರುವ ಮನುಷ್ಯನ ಕಿರೀಟ ಧಮನಿಗಳ ಚಿತ್ರವನ್ನು ತೆಗೆದನು. 1967ರಲ್ಲಿ ಅಲ್ಲಿಯೇ ಅರ್ಜೆಂಟೀನಾದ ಫವಲೊರೊ ಕಾಲಿನ ರಕ್ತನಾಳವನ್ನು ಹೃದಯಕ್ಕೆ ಜೋಡಿಸಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ತಳಹದಿ ಹಾಕಿದನು. 1977ರ ಸೆಪ್ಟೆಂಬರಿನಲ್ಲಿ ಜೂರಿಕ್ ನಗರದಲ್ಲಿ ಗ್ರುಂಟ್‌ಜಿಗ್ ಎಂಬವನು ಪುಟ್ಟ ಬಲೂನಿನಿಂದ ಧಮನಿಯ ದಾರಿಯನ್ನು ಅಗಲಿಸಿದನು. ಈ ವಿದ್ಯೆಗಳೆಲ್ಲವೂ ಇಂದು ಬೆಂಗಳೂರು ಮೈಸೂರುಗಳಲ್ಲಿಯೂ ದಿನನಿತ್ಯದ ಮಾತಾಗಿವೆ. ರೋಗವೂ ಹಾಗೆಯೇ ನಮ್ಮದಾಗಿದೆ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನದಲ್ಲಿ, ಮೊದಲ ಹೃದಯಾಘಾತಕ್ಕೊಳಗಾದ 200 ಮಂದಿಯನ್ನು ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಿ ನೋಡಿದಾಗ, ಎಲ್ಲಕ್ಕಿಂತ ಬಲವಾದ ಅಪಾಯಕಾರಕವೆಂದು ಕಂಡುಬಂದದ್ದು ಸಿಗರೇಟು ಬೀಡಿಗಳ ಸೇವನೆ. ಅದರ ಬೆನ್ನಿಗೆ ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಸುತ್ತಲಿನ ಬೊಜ್ಜು. 52 ದೇಶಗಳನ್ನೊಳಗೊಂಡು 2004ರಲ್ಲಿ ಹೊರಬಂದ ಬೃಹದಧ್ಯಯನವು, ಹೃದಯಾಘಾತದ ಅಪಾಯದ ಬಹುಪಾಲು ಒಂಬತ್ತೇ ಅಂಶಗಳಿಂದ ಬರುವುದೆಂದೂ, ಅವು ಯಾವ ದೇಶದವರಲ್ಲಿಯೂ ಒಂದೇ ಎಂದೂ ತೋರಿಸಿತು. ದಕ್ಷಿಣ ಏಷ್ಯದವರಿಗೆ ಮೊದಲ ಆಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುವುದೆಂಬುದು ಅದೇ ಅಧ್ಯಯನದಿಂದ ಹೊರಟ ಮತ್ತೊಂದು ನಿರ್ಣಯ.

ಈ ಚರಿತ್ರೆಯನ್ನು ಓದಿದವನಿಗೆ ಒಂದು ಕರ್ತವ್ಯ ತಾನಾಗಿ ಗೋಚರಿಸಬೇಕು. ನಮ್ಮ ಮನೆಗಳಲ್ಲಿ ಎದೆ ಹಿಡಿದುಕೊಂಡಾಗ ಮೊದಲು ಹೊರಡುವ ಮಾತು ವಾಯುವೆಂಬುದು, ಇಲ್ಲವೇ ಗ್ಯಾಸ್ಟ್ರಿಕ್ ಎಂಬುದು. ಒಂದು ಲೋಟ ಜೀರಿಗೆ ಕಷಾಯವೋ ಸೋಡಾವೋ ಕುಡಿದು, ಬೆಳಗಾಗಲೆಂದು ಮಲಗುವುದು ವಾಡಿಕೆ. ಮಗನಿಗೆ ತೊಂದರೆಯಾದೀತೆಂದು ತಂದೆ, ಮನೆಗೆಲಸ ನಿಂತೀತೆಂದು ತಾಯಿ, ತಮ್ಮ ನೋವನ್ನು ನುಂಗಿಕೊಳ್ಳುತ್ತಾರೆ. ಅಜೀರ್ಣವೆಂಬ ಆ ಹಳೆಯ ತಪ್ಪು ಒಂದು ಕಾಲದಲ್ಲಿ ವೈದ್ಯರದಾಗಿತ್ತು. ಈಗ ಅದು ನಮ್ಮದಾಗಿ ಉಳಿದಿದೆ. ಮುಚ್ಚಿದ ಧಮನಿಯನ್ನು ತೆರೆಯುವ ಚಿಕಿತ್ಸೆ ಫಲಿಸುವುದು ಮೊದಲ ಕೆಲವು ಗಂಟೆಗಳಲ್ಲಿ. ಆ ಗಂಟೆಗಳು ಸಂಕೋಚದಲ್ಲಿ ಕಳೆದುಹೋದರೆ ಯಾವ ಆಸ್ಪತ್ರೆಯೂ ಅವನ್ನು ಮರಳಿ ಕೊಡಲಾರದು. ಆದುದರಿಂದ ಓದುಗರಲ್ಲಿ ವಿನಂತಿಯಿಷ್ಟೇ: ನಲವತ್ತು ದಾಟಿದವರು, ಮನೆತನದಲ್ಲಿ ಈ ರೋಗವಿದ್ದರೆ ಅದಕ್ಕೂ ಮುಂಚೆಯೇ, ತಮ್ಮ ರಕ್ತದೊತ್ತಡವನ್ನೂ ರಕ್ತದ ಸಕ್ಕರೆ ಕೊಲೆಸ್ಟರಾಲುಗಳನ್ನೂ ತಿಳಿದಿರಲಿ; ಬೀಡಿ ಸಿಗರೇಟನ್ನು ಇಂದೇ ಬಿಡಲಿ; ನಡೆದಾಗ ಬಂದು ನಿಂತಾಗ ಹೋಗುವ ನೋವನ್ನು ಅದು ಯಾವಾಗ, ಎಲ್ಲಿ, ಎಷ್ಟು ಹೊತ್ತು ಬಂತೆಂಬುದರೊಡನೆ ವೈದ್ಯರಿಗೆ ಹೇಳಲಿ; ನಿಂತರೂ ಹೋಗದ ನೋವು ಬಂದರೆ, ಅದು ರಾತ್ರಿಯೇ ಇರಲಿ ಹಬ್ಬದ ದಿನವೇ ಇರಲಿ, ಮನೆಯವರನ್ನೆಬ್ಬಿಸಿ ಕೂಡಲೇ ಆಸ್ಪತ್ರೆಗೆ ಹೊರಡಲಿ.